ಸುನಂದಾ ಬಿಗಿದ ಮದ್ದಳೆ

ಬೆಳಗಿನ ಐದೂವರೆ. ಕುರುಗೋಡಿನ ಗುಡ್ಡದ ಬಂಡೆಗಳು ಇನ್ನೂ ಕಪ್ಪಗೆ ಕೂತಿವೆ. ಓಣಿಯ ಕೊನೆಯ ಮನೆಯ ಅಂಗಳಕ್ಕೆ ನೀರು ಚಿಮುಕಿಸಿದ ಸಪ್ಪಳ ಕೇಳುತ್ತದೆ, ಅದರ ಬೆನ್ನಿಗೇ ಕಲ್ಲು ಉಜ್ಜುವ ಸಪ್ಪಳ. ಮೊದಲನೆಯದು ಈ ಹೊತ್ತಿಗೆ ಎಲ್ಲ ಮನೆಗಳ ಮುಂದೂ ಕೇಳುವಂಥದ್ದು. ಎರಡನೆಯದು ಈ ಮನೆಯದು ಮಾತ್ರ. ನಲವತ್ತೇಳು ವರ್ಷದ ಸುನಂದಾ ಗೋಣಿತಟ್ಟಿನ ಮೇಲೆ ಕೂತಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಎದುರಿಗೆ ಒಂದು ಮದ್ದಳೆ ನೆಟ್ಟಗೆ ನಿಂತಿದೆ, ಅದರ ಬಲಮುಖದ ನಡುವೆ ಅಂಗೈ ಅಗಲದ ಕರಿಯ ಬಿಲ್ಲೆ. ಹೊಳೆಯಿಂದ ತಂದ ನುಣುಪು ಕಲ್ಲಿನಿಂದ ಅದನ್ನು ಉಜ್ಜುತ್ತಾರೆ, ಬೆರಳ ತುದಿಯಿಂದ ತಟ್ಟುತ್ತಾರೆ, ತಲೆ ಓರೆ ಮಾಡಿ ಕೇಳುತ್ತಾರೆ. ಮತ್ತೆ ಉಜ್ಜುತ್ತಾರೆ.

"ಇನ್ನಾ ಗೊಗ್ಗರು ಐತಿ ಲೇ ಸುನಂದಾ." ಒಳಗಿಂದ ಅತ್ತೆ ಎರ್ರಮ್ಮನ ದನಿ. ಎಂಬತ್ತರ ಹತ್ತಿರದ ಜೀವ, ಇನ್ನೂ ಹಾಸಿಗೆ ಬಿಟ್ಟಿಲ್ಲ.

"ಅತ್ತಿ, ಮನಿ ಮುಂದ ಬಸ್ಸಿನ ಹಾರ್ನು ಹೊಡದ್ರ ನಿಮಗ ಕೇಳಂಗಿಲ್ಲ. ಇದು ಕೇಳ್ತತೇನು?"

"ಹಾರ್ನು ಕೇಳಿ ನಾ ಏನ್ ಮಾಡ್ಲಿ? ಯಾವೂರಿಗೆ ಹೊಂಟೀನಿ?"

ಸುನಂದಾ ನಗುತ್ತಾರೆ, ಆದರೆ ಕಲ್ಲು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಮುದುಕಿಯ ಕಿವಿ ಈ ಒಂದು ವಿಷಯದಲ್ಲಿ ತಪ್ಪುವುದಿಲ್ಲ ಎಂಬುದು ಅವರಿಗೆ ಗೊತ್ತು.

ಈ ಮದ್ದಳೆ ಬಾದನಹಟ್ಟಿಯ ಬಯಲಾಟದ ಮೇಳದ್ದು. ಇವತ್ತು ಬುಧವಾರ, ಶನಿವಾರ ಅಲ್ಲಿ ಆಟ. ಹತ್ತು ಗಂಟೆಗೆ ಮೇಳದ ಮಾಸ್ತರ ದೊಡ್ಡಬಸವರಾಜ ಬರುವವರಿದ್ದಾರೆ. ನುಡಿಸಿ ನೋಡುತ್ತಾರೆ, ಮನಸ್ಸಿಗೆ ಬಂದರೆ ಒಯ್ಯುತ್ತಾರೆ. ಮಾತು ಇಷ್ಟೇ ಆಗಿದ್ದರೆ ಸುನಂದಾ ಇಷ್ಟು ಹೊತ್ತಿಗೆ ಎದ್ದು ಕೂರುತ್ತಿರಲಿಲ್ಲ. ಎಂಟು ವರ್ಷದಿಂದ ಈ ಮದ್ದಳೆಗೆ ಮುಖ ಕಟ್ಟುತ್ತಿರುವುದು ಒಬ್ಬ ಹೆಣ್ಣುಮಗಳು ಎಂಬುದು ಮಾಸ್ತರಿಗೆ ಗೊತ್ತಾಗಿ ಇನ್ನೂ ಎರಡು ವಾರವಾಗಿಲ್ಲ. ಅಂಥ ಮದ್ದಳೆಯನ್ನು ಆಟದ ಮೊದಲು ಪೂಜೆಗೆ ಇಡಬಹುದೋ ಇಡಬಾರದೋ ಎಂದು ಬಾದನಹಟ್ಟಿಯ ಕಟ್ಟೆಯ ಮೇಲೆ ದೊಡ್ಡ ಮಾತೇ ನಡೆದುಹೋಗಿದೆ. ಸುತ್ತಲ ಒಂಬತ್ತು ಊರುಗಳ ಮೇಳಗಳಿಗೆ ಆಟ ಕಲಿಸುವವರು ಇದೇ ಮಾಸ್ತರ.

"ಅವ್ರು ಒಲ್ಲೆ ಅಂದ್ರ ಒಂಬತ್ತೂರು ಒಲ್ಲೆ ಅಂದಂಗ," ಎನ್ನುತ್ತಾರೆ ಸುನಂದಾ. "ಇನ್ನ ಮ್ಯಾಲ ನನ್ನ ಕೈಗೆ ಮದ್ಲಿ ಬರಂಗಿಲ್ಲ. ಅದಕ ನಿನ್ನೆಯಿಂದ ಗಂಟಲಾಗ ಅನ್ನ ಇಳಿವಲ್ದು."

"ಸುಳ್ಳು ಹೇಳ್ತಾಳ್ರಿ," ಹಲ್ಲುಜ್ಜುತ್ತ ನಿಂತಿದ್ದ ಗಂಡ ಗಾದಿಲಿಂಗಪ್ಪ ನಡುವೆ ಬಾಯಿ ಹಾಕುತ್ತಾರೆ. "ರಾತ್ರಿ ಎರಡು ರೊಟ್ಟಿ ತಿಂದಾಳ."

"ದಿನಾ ಮೂರು ತಿಂತೀನಿ. ಅದನ್ಯಾಕ ಹೇಳವಲ್ರಿ?"

ಕರಿಯ ಬಿಲ್ಲೆಗೆ ಈ ಕಸುಬಿನವರು ಕರಣಿ ಎನ್ನುತ್ತಾರೆ. ಮದ್ದಳೆಯ ದನಿಯೆಲ್ಲ ಇರುವುದು ಅದರಲ್ಲಿ. ಕಬ್ಬಿಣದ ಕಿಟ್ಟವನ್ನು ಹಿಟ್ಟಿನಂತೆ ಕುಟ್ಟಿ, ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿ, ಮೆತ್ತಗೆ ಬೆಂದ ಅನ್ನದ ಜತೆ ನಾದಿದರೆ ಕರಣಿಯ ಮುದ್ದೆ ಸಿದ್ಧ. ಕಿಟ್ಟ ಬರುವುದು ಬಳ್ಳಾರಿಯ ಕುಲುಮೆಯಿಂದ, ಅಕ್ಕಿ ಸಿರುಗುಪ್ಪದಿಂದ. ಕಡಲೆಕಾಳಿನಷ್ಟು ಮುದ್ದೆ ತೆಗೆದು ಹೆಬ್ಬೆರಳಿನಿಂದ ತೆಳ್ಳಗೆ ಸವರಬೇಕು, ಕಲ್ಲಿನಿಂದ ಉಜ್ಜಿ ಉಜ್ಜಿಯೇ ಒಣಗಿಸಬೇಕು, ಆಮೇಲೆ ಅದರ ಮೇಲೆ ಇನ್ನೊಂದು ಪದರ. ಇಂಥ ದೊಡ್ಡ ಮದ್ದಳೆಗೆ ಅರವತ್ತು ಪದರ ಬೇಕು. "ಹಸೀದ್ರ ಮ್ಯಾಲ ಹಸೀದು ಹಚ್ಚಿದ್ರ ಮುಗೀತು, ನಾಕು ಪೆಟ್ಟಿಗೆ ಬಿಲ್ಲಿ ಎದ್ದು ಕೈಯಾಗ ಬರ್ತತಿ. ರೊಟ್ಟಿ ಬಡಿಯೋರಿಗೆ ಇದು ಲಗೂನ ತಿಳೀತತಿ ನೋಡ್ರಿ. ಅವಸರ ಮಾಡಿದ್ರ ಅಂಚು ಸೀಳ್ತತಿ," ಎನ್ನುತ್ತ ಸುನಂದಾ ಹೆಬ್ಬೆರಳನ್ನು ತೋರಿಸುತ್ತಾರೆ. ಉಗುರಿನ ಸುತ್ತಲ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ಮದುವೆ ಮನೆಗಳಲ್ಲಿ ಬಡಿಸಲು ನಿಂತರೆ ಜನ ಮೊದಲು ಆ ಬೆರಳನ್ನು ನೋಡುತ್ತಾರಂತೆ, ಆಮೇಲೆ ಪಾಯಸವನ್ನು.

ಈ ಕೆಲಸ ಇವರ ಮನೆಗೆ ಬಂದದ್ದು ಒಂದು ಇಲಿಯಿಂದ. ಗಾದಿಲಿಂಗಪ್ಪನವರಿಗೆ ಎರಡು ಎಕರೆ ಭತ್ತದ ಗದ್ದೆ. ಅವರು ಊರಿನ ಭಜನೆಗೆ ಮದ್ದಳೆ ಬಾರಿಸುವವರು. ಮದ್ದಳೆಯ ಎಡಮುಖಕ್ಕೆ ಕರಣಿ ಇರುವುದಿಲ್ಲ. ಬಾರಿಸುವ ಮೊದಲು ಅಲ್ಲಿ ಹಸಿ ಕಣಕ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿಡಬೇಕು. ಹದಿನಾಲ್ಕು ವರ್ಷದ ಹಿಂದೆ ಶ್ರಾವಣದ ಒಂದು ಸೋಮವಾರ ಗಾದಿಲಿಂಗಪ್ಪ ಭಜನೆ ಮುಗಿಸಿ, ಪ್ರಸಾದ ಉಂಡು, ಕಣಕ ಕೆರೆಯದೆ ಮಲಗಿಬಿಟ್ಟರು. ಬೆಳಗ್ಗೆ ನೋಡಿದರೆ ಕಣಕವೂ ಇಲ್ಲ, ಕಣಕದ ಕೆಳಗಿನ ತೊಗಲೂ ಇಲ್ಲ. ಮುಷ್ಟಿ ತೂರುವಷ್ಟು ತೂತು.

ಕಟ್ಟಿಸಬೇಕೆಂದರೆ ಬಳ್ಳಾರಿಗೇ ಹೋಗಬೇಕು. ಕೊಡಲು ಒಂದು ದಿನ, ಆಯಿತೇ ಎಂದು ಕೇಳಲು ಒಂದು ದಿನ, ತರಲು ಒಂದು ದಿನ. ಅದೂ ನಾಟಿಯ ಹೊತ್ತಿನಲ್ಲಿ. "ಮನಷಾ ಕಟ್ಟಿದ್ದಲ್ಲೇನು, ನಾವೂ ಮನಷಾರ ಅಲ್ಲೇನು, ಬಿಚ್ಚಿ ನೋಡೋಣು ಅಂತ ಕುಂತೆ," ಎಂದು ಸುನಂದಾ ನೆನೆಯುತ್ತಾರೆ. ಬಿಚ್ಚುವ ಮೊದಲು ತೊಗಲಿನ ಬಾರು ಅಂಚಿನ ಯಾವ ಕಣ್ಣಿನಿಂದ ಹೊರಟು ಯಾವ ಕಣ್ಣಿಗೆ ಹೋಗುತ್ತದೆ ಎಂದು ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಂಡರು. ಹದಿನಾರು ಕಣ್ಣು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಎರ್ರಮ್ಮ ಬಂದು ಇದು ರಂಗೋಲಿಯೋ ಮಾಟವೋ ಎಂದು ಕೇಳಿದರಂತೆ. ಬಿಚ್ಚಿದ್ದೇನೋ ಬಿಚ್ಚಿದರು, ಕಟ್ಟಲು ಬರಲಿಲ್ಲ. ಮೂರನೆಯ ದಿನ ಮರದ ಒಡಲು, ಬಾರು, ಹರಿದ ತೊಗಲು ಎಲ್ಲವನ್ನೂ ಗೊಬ್ಬರದ ಚೀಲಕ್ಕೆ ತುಂಬಿ ತಾವೇ ಬಸ್ಸು ಹತ್ತಿದರು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆಟೋ ಗ್ಯಾರೇಜಿಗೂ ಚಹದಂಗಡಿಗೂ ನಡುವೆ ಬಾಗಿಲಷ್ಟೇ ಅಗಲದ ಒಂದು ಅಂಗಡಿ. ಅಲ್ಲಿ ಕೂತಿದ್ದ ಪೀರಸಾಬ್ ಚೀಲ ಬಿಚ್ಚಿ ನೋಡಿ, "ಇದೇನವ್ವಾ, ಮದ್ಲಿ ತಂದೀಯೋ, ಕುರಿ ಕೊಯ್ಸಿಕೊಂಡು ತಂದೀಯೋ?" ಎಂದರು. ಸುನಂದಾಗೆ ಸಿಟ್ಟು ಬಂತು. ಆದರೆ ಮುದುಕ ಕೈಗೆ ಬಾರು ತೆಗೆದುಕೊಂಡ ಕೂಡಲೇ ಸಿಟ್ಟು ಮರೆತು ಕಣ್ಣು ಅಲ್ಲೇ ನೆಟ್ಟಿತು. ಸಂಜೆಯ ಬಸ್ಸಿನ ತನಕ ಏಳಲಿಲ್ಲ. ಹೊರಡುವಾಗ ಪೀರಸಾಬ್ ಕೇಳಿದ್ದು ಒಂದೇ ಮಾತು: "ಮುಂದಿನ ಗುರುವಾರ ಬರ್ತೀಯೇನವ್ವಾ?"

ಹೋದರು. ಐದು ವರ್ಷ ಗುರುವಾರ ತಪ್ಪಿಸಲಿಲ್ಲ. ತೊಗಲು ನೆನೆಸುವ ಹದ, ಬಾರು ಸೀಳುವ ಚಾಕುವಿನ ಕೋನ, ಬ್ರೂಸ್‌ಪೇಟೆಯಲ್ಲಿ ಡೋಲಕ್ಕಿನ ನೂಲಿನ ಹಗ್ಗ ಕೊಳ್ಳುವಾಗ ಹಲ್ಲಿನಿಂದ ಕಚ್ಚಿ ನೋಡುವುದು, ಎಲ್ಲ ಅಲ್ಲಿಯ ಕಲಿಕೆ. ಇತ್ತ ಮನೆಯಲ್ಲಿ ಎರ್ರಮ್ಮನದು ಬೇರೆಯದೇ ಕಾಟ. "ಲಿಂಗ ಕಟ್ಟಿದ ಮನ್ಯಾಗ ತೊಗಲು ತರ್ತೀಯೇನು?" ಎಂದು ಎರಡು ವರ್ಷ ತಲೆಮೇಲೆ ನೀರು ಸುರಿದುಕೊಳ್ಳದೆ ಸೊಸೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ಆ ಎರಡು ವರ್ಷ ಊರಲ್ಲೆಲ್ಲ ತನ್ನಷ್ಟು ಸ್ವಚ್ಛ ಹೆಂಗಸು ಇರಲಿಲ್ಲ ಎಂದು ಸುನಂದಾ ನಗುತ್ತಾರೆ. ಆಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಬಂತು. ಸುನಂದಾ ಗದ್ದೆಯಲ್ಲಿದ್ದರು. ಓಡೋಡಿ ಬಂದು ನೋಡಿದರೆ ಅಂಗಳದಲ್ಲಿ ಒಣಗಲು ಹಾಕಿದ್ದ ತೊಗಲುಗಳೆಲ್ಲ ಒಳಗೆ ಬಂದಿವೆ, ಎರ್ರಮ್ಮ ಸೆರಗಿನಿಂದ ಒಂದೊಂದನ್ನೇ ಒರೆಸುತ್ತ ಕೂತಿದ್ದಾರೆ. "ನೆಂದ್ರ ಹಾಳಾಗ್ತಾವಂತ ನೀನ ಹೇಳ್ತಿದ್ದೆಲ್ಲ," ಎಂದರಂತೆ, ಮುಖ ಆ ಕಡೆ ತಿರುಗಿಸಿಕೊಂಡು. ಅವತ್ತಿನಿಂದ ಅವರೇ ಮನೆಯ ಪರೀಕ್ಷಕರು.

ಈಗ ವಾರದ ದಿನಗಳೆಲ್ಲ ಹಂಚಿಹೋಗಿವೆ. ಸೋಮವಾರ ಸಿರುಗುಪ್ಪದ ಭಜನಾ ಮಂಡಳಿಗಳು, ಗುರುವಾರ ಕೌಲ್ ಬಜಾರ್, ಉಳಿದ ದಿನ ಮನೆ ಮತ್ತು ಗದ್ದೆ. ವರ್ಷಕ್ಕೆ ಅರವತ್ತು ಎಪ್ಪತ್ತು ಡೋಲಕ್, ನಲವತ್ತು ಜೋಡಿ ತಬಲಾ, ಹತ್ತು ಹನ್ನೆರಡು ಮದ್ದಳೆ. ಮೊಹರಂ ಮುಂದೆ ಬರುವ ಹಲಗೆ ವಾದ್ಯಗಳನ್ನು ಯಾರೂ ಎಣಿಸಿಲ್ಲ. ಡೋಲಕ್ಕಿಗೆ ಅರ್ಧ ದಿನ ಸಾಕು, ತಬಲಾಕ್ಕೆ ಎರಡು ದಿನ, ಮದ್ದಳೆಗೆ ಮೂರು ದಿನ ಪೂರ್ತಿ.

ಆದರೆ ಸುನಂದಾ ಹತ್ತಿರ ಕೊಟ್ಟ ವಾದ್ಯ ಪೂರ್ತಿ ಬಿಗಿದು ಕೈಗೆ ಬರುವುದಿಲ್ಲ. ಕೊನೆಯ ಸುತ್ತಿನ ಬಾರನ್ನು ಸಡಿಲ ಬಿಟ್ಟಿರುತ್ತಾರೆ. ಅದನ್ನು ಎಳೆಯಬೇಕಾದವರು ವಾದ್ಯದ ಒಡೆಯರು. ಅವರನ್ನು ಎದುರಿಗೆ ಕೂರಿಸಿ, ಎಲ್ಲಿ ಹಿಡಿಯಬೇಕು, ಎಷ್ಟು ಎಳೆಯಬೇಕು, ಮರದ ಗಟ್ಟೆಯನ್ನು ಬಾರಿನ ಕೆಳಗೆ ಎಲ್ಲಿಗೆ ಸರಿಸಬೇಕು ಎಂದು ಮಾಡಿಸಿಯೇ ಕಳಿಸುತ್ತಾರೆ. ಸಣ್ಣ ರಿಪೇರಿಗೆಲ್ಲ ಬಸ್ಸು ಹತ್ತಿ ಬರುವುದು ಯಾಕೆ ಎಂಬುದು ಅವರ ವಾದ. ಕಣಕ ಕೆರೆಯಿರಿ, ಬಸ್ಸಿನ ಟಾಪಿನ ಮೇಲೆ ಬಿಸಿಲಿಗೆ ಹಾಕಬೇಡಿ, ಗೋಡೆಗೆ ಒರಗಿಸುವಾಗ ಮುಖ ಗೋಡೆಗೆ ತಾಗದಿರಲಿ, ಕರಣಿಗೆ ಎಣ್ಣೆ ಕೈ ಮುಟ್ಟಿಸಬೇಡಿ ಎಂದು ಕೂಸಿನ ಬಾಣಂತನ ಹೇಳಿದ ಹಾಗೆ ಹೇಳುತ್ತಾರೆ. "ನಿನ್ನ ಅಂಗಡಿ ನೀನ ಮುಚ್ಚಾಕಹತ್ತೀಯವ್ವಾ," ಎಂದು ಪೀರಸಾಬ್ ಗೊಣಗುವುದುಂಟು. "ಚಾಚಾ, ಬಾರು ತಾವ ಎಳ್ಕೊಳ್ಳಲಿ. ಕರಣಿಗೆ ನನ್ನ ಹತ್ರನ ಬರ್ತಾರ," ಎನ್ನುವುದು ಇವರ ಉತ್ತರ.

ಹೇಳುತ್ತಿರುವಾಗಲೇ ಮೊಬೈಲ್ ಬಡಿದುಕೊಳ್ಳುತ್ತದೆ. ಸಿರುಗುಪ್ಪದ ಮಹಿಳಾ ಭಜನಾ ಮಂಡಳಿಯ ಪಂಪಾವತಿ. ಸುನಂದಾ ಸ್ಪೀಕರ್ ಹಾಕಿ ಮದ್ದಳೆಯ ಪಕ್ಕ ಇಡುತ್ತಾರೆ.

"ಅಕ್ಕಾ, ಡೋಲಕ್ಕು ಕೆಮ್ಮಾಕಹತ್ತೈತಿ."

"ಯಾವ ಕಡಿ ಕೆಮ್ಮತತಿ? ಬಲಗಡಿ ಹೊಡಿ." ಅತ್ತ ಢಪ್ ಎನ್ನುತ್ತದೆ. "ಇನ್ನೊಮ್ಮಿ. ಹಗ್ಗದಾಗಿನ ಮೂರನೇ ಕಬ್ಬಿಣದ ಬಳಿ ಜಾರಿರಬೇಕು ನೋಡು."

"ಹೌದಕ್ಕಾ, ಜಾರೈತಿ!"

"ಮ್ಯಾಲಕ ತಳ್ಳು. ಕೈಲೇ ಆಗದಿದ್ರ ಲಟ್ಟಣಿಗಿ ತುದಿಲೇ ತಳ್ಳು. ಈಗ ಹೊಡಿ."

ಈ ಸಲ ಸಿರುಗುಪ್ಪದಿಂದ ಬಂದ ದನಿ ದುಂಡಗಿದೆ. "ಮೊದ್ಲು ಹಗ್ಗ ಬಿಗಿಸಾಕ ಗಂಡಸ್ರನ್ನ ಕರೀತಿದ್ವಿ, ಅವ್ರು ಬರೋದ್ರಾಗ ಮಂಗಳಾರತಿ ಆಗಿರ್ತಿತ್ತು," ಎಂದು ಪಂಪಾವತಿ ನಗುತ್ತ ಫೋನ್ ಇಡುತ್ತಾರೆ.

ಡೋಲಕ್ಕು, ತಬಲಾಗಳಲ್ಲಿ ಹೀಗೆ ಎಲ್ಲರಿಗೂ ಗೊತ್ತಿದ್ದ ಸುನಂದಾ, ಮದ್ದಳೆಯ ವಿಷಯದಲ್ಲಿ ಮಾತ್ರ ಎಂಟು ವರ್ಷ ಮರೆಯಲ್ಲಿದ್ದರು. ಎಂಟು ವರ್ಷದ ಹಿಂದೆ ಪೀರಸಾಬರ ಹೆಬ್ಬೆರಳಿನ ಕೀಲು ಹಿಡಿದುಕೊಂಡಿತು. ಕರಣಿ ಸವರುವುದು ಆಗದು, ಬಾರು ಎಳೆಯುವುದಂತೂ ದೂರದ ಮಾತು. ಮೇಳದವರು ಮದ್ದಳೆಯನ್ನು ಅವರ ಅಂಗಡಿಗೇ ತಂದಿಡುತ್ತಿದ್ದರು, ಸುನಂದಾ ಗುರುವಾರ ಕೂತು ಕಟ್ಟುತ್ತಿದ್ದರು ಅಥವಾ ಕುರುಗೋಡಿಗೆ ತರುತ್ತಿದ್ದರು, ಗುಟ್ಟು ಒಡೆಯದಿರಲೆಂದು ಕೊನೆಯ ಸುತ್ತನ್ನೂ ತಾವೇ ಎಳೆದಿಡುತ್ತಿದ್ದರು. ಮೇಳದವರು ಬಂದು ಪೀರಸಾಬರಿಗೆ ಕೈ ಮುಗಿದು ಒಯ್ಯುತ್ತಿದ್ದರು. ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಪೂಜೆಯ ಮದ್ದಳೆ, ಹೇಳಿದರೆ ಕೆಲಸ ನಿಂತೀತು ಎಂಬ ಅಂಜಿಕೆ ಇಬ್ಬರಿಗೂ ಇತ್ತು.

ಗುಟ್ಟು ಒಡೆದದ್ದು ಹೋದವಾರದ ಹಿಂದಿನ ಗುರುವಾರ. ಮದ್ದಳೆಯ ಬಾರು ಬಿಗಿಯುವುದಕ್ಕೆ ಒಂದು ರೀತಿಯಿದೆ. ಮದ್ದಳೆಯನ್ನು ನೆಲದ ಮೇಲೆ ಅಡ್ಡ ಮಲಗಿಸಬೇಕು. ನೆಲಕ್ಕೆ ಕೂತು, ಕಾಲು ಚಾಚಿ, ಎರಡೂ ಅಂಗಾಲುಗಳನ್ನು ಅದರ ಒಡಲಿಗೆ ಒತ್ತಿ ಕೊಟ್ಟು, ಬಾರನ್ನು ಎರಡು ಕೈಯಲ್ಲಿ ಹಿಡಿದು ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆಯಬೇಕು. ಎಮ್ಮೆ ತೊಗಲಿನ ಬಾರು, ಬರೀ ಕೈಗೆ ಬಗ್ಗುವಂಥದ್ದಲ್ಲ. ಸುನಂದಾ ಹಾಗೆ ಎಳೆಯುತ್ತಿದ್ದಾಗ ಅಂಗಡಿಯ ಬಾಗಿಲು ಕತ್ತಲಾಯಿತು. ತಲೆ ಎತ್ತಿದರೆ ದೊಡ್ಡಬಸವರಾಜ ಮಾಸ್ತರ.

"ಏ ತಾಯೀ, ಕಾಲು ತಗೀ! ಅದು ಪೂಜಿ ಮಾಡೋ ಮದ್ಲಿ!"

ಮೂಲೆಯ ಸ್ಟೂಲಿನ ಮೇಲಿದ್ದ ಪೀರಸಾಬ್ ಅಂದರು: "ಐವತ್ತು ವರ್ಷ ನಾನೂ ಕಾಲು ಕೊಟ್ಟ ಎಳದೀನಿ ಮಾಸ್ತರ. ಕೈಲೇ ಎಳಿಯಾಕ ಅದೇನು ಪೈಜಾಮದ ಲಾಡಿ ಏನ್ರಿ?"

"ನಿಮ್ದು ಬ್ಯಾರೆ, ಸಾಬ್ರ. ಈಕಿ ಹೆಣ್ಮಗಳು."

"ಹೌದ್ರಿ, ಎಂಟು ವರ್ಷದಿಂದ ಹೆಣ್ಮಗಳ. ನನ್ನ ಹೆಬ್ಬಟ್ಟು ಹೋಗಿ ಎಂಟು ವರ್ಷ ಆತು. ಅವತ್ತಿಂದ ನೀವು ಬಾರಿಸಿದ್ದೆಲ್ಲ ಈಕಿ ಕಟ್ಟಿದ್ದು. ನಿಮ್ಮ ದೇವರ ಮುಂದಿಡೋ ಮದ್ಲಿಗೆ ಸಾಬನ ಕೈ ನಡೀತು, ಈಕಿ ಕೈ ನಡ್ಯಂಗಿಲ್ಲೇನು? ಒಂದು ಆಟನರ ಕೆಟ್ಟಿತ್ತೇನು, ನೀವ ಹೇಳ್ರಿ."

ಮಾಸ್ತರ ಅರ್ಧ ಬಿಗಿದ ಮದ್ದಳೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಅವತ್ತಿನ ಮಾತು ಬಂದರೆ ಸುನಂದಾಗೆ ಈಗಲೂ ನೋವಾಗುವುದು ಮಾಸ್ತರ ಕೂಗಿದ್ದಕ್ಕಲ್ಲ. "ಅವ್ರು ಕಾಲು ತಗೀ ಅಂದ ಕೂಡ್ಲೆ ನಾ ತಗದುಬಿಟ್ಟೆ ನೋಡ್ರಿ. ತಪ್ಪು ಮಾಡಿದಾಕಿ ಹಂಗ. ಚಾಚಾ ಮಾತಾಡಿದ್ರು, ನಾ ಮಾತಾಡ್ಲಿಲ್ಲ. ಯಾಕ ತಗದೆ ಅಂತ ಆಮ್ಯಾಲ ಬಸ್ಸಿನಾಗ ಕುಂತು ಅತ್ತೆ."

ಬಾದನಹಟ್ಟಿಗೆ ಹೋದ ಮದ್ದಳೆಯ ಕತೆ ಬೇರೆಯಾಯಿತು. ಮಾಸ್ತರ ತಾವೇ ಬಾರು ಎಳೆದರು, ಕಾಲು ತಾಗಿಸದೆ, ಬರೀ ಕೈಯಿಂದ. ದನಿ ಏಳಲಿಲ್ಲ. ಆಗ ಅವರಿಗೆ ಮೊಹರಂ ಹಲಗೆ ನೆನಪಾಯಿತು. ಹಲಗೆಯ ದನಿ ಇಳಿದರೆ ಜೋಳದ ಒಣ ಸೊಪ್ಪೆ ಉರಿಸಿ ಅದರ ಮುಂದೆ ಹಿಡಿಯುತ್ತಾರೆ, ತೊಗಲು ಬಿಸಿಯೇರಿ ಗಣಗಣ ಎನ್ನುತ್ತದೆ. ಆ ಊರಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ಉಪಾಯ. ಮಾಸ್ತರ ಮದ್ದಳೆಗೂ ಹಾಗೇ ಮಾಡಿದರು. ಹಲಗೆಗೆ ಕರಣಿ ಇರುವುದಿಲ್ಲ, ಮದ್ದಳೆಗೆ ಇರುತ್ತದೆ ಎಂಬುದು ಆ ಹೊತ್ತಿಗೆ ನಲವತ್ತು ವರ್ಷ ಬಾರಿಸಿದವರಿಗೂ ಹೊಳೆಯಲಿಲ್ಲ. ಅನ್ನ ಮತ್ತು ಕಿಟ್ಟದ ಅರವತ್ತು ಪದರ ಬೇಸಿಗೆಯ ಕೆರೆಯಂತೆ ಬಾಯಿ ಬಿಟ್ಟಿತು.

ಮೊನ್ನೆ ಭಾನುವಾರ ಬೆಳಗ್ಗೆ ಮಾಸ್ತರ ಕುರುಗೋಡಿಗೆ ಬಂದು ಮದ್ದಳೆಯನ್ನು ಗಾದಿಲಿಂಗಪ್ಪನ ಕೈಗಿಟ್ಟರು. ಸುನಂದಾ ಬಾಗಿಲಲ್ಲೇ ಇದ್ದರೂ ಅವರ ಕಡೆ ನೋಡಲಿಲ್ಲ. "ಬುಧವಾರ ಹತ್ತಕ್ಕ ಬರ್ತೀನಿ. ಸರಿ ಅನಿಸಿದ್ರ ಒಯ್ತೀನಿ. ಇಲ್ಲಾಂದ್ರ ಬ್ಯಾರೆ ಊರಿಂದ ಕೇಳಿ ತರ್ತೀವಿ," ಅಂದು ಹೋದರು. ಸುನಂದಾ ಹಳೆಯ ಕರಣಿ ಕೆರೆದು ತೆಗೆದು ಮೊದಲಿಂದ ಶುರು ಮಾಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಸಿರುಗುಪ್ಪದ ಸೋಮವಾರ ತಪ್ಪಿತು.

ಇನ್ನು ಒಂದೇ ಮಾತು ಉಳಿದಿದೆ. ಅದರ ಮೇಲೆ ಗಂಡ ಹೆಂಡಿರ ನಡುವೆ ನಿನ್ನೆಯಿಂದ ಜಗ್ಗಾಟ. "ಈ ಸಲ ಕೊನೀ ಸುತ್ತೂ ನೀನ ಎಳದುಬಿಡು," ಎನ್ನುತ್ತಾರೆ ಗಾದಿಲಿಂಗಪ್ಪ. "ಆ ಮನಷಾಗ ಕೂಡು, ಎಳಿ ಅಂದ್ರ ಸಿಟ್ಟಿಗೆದ್ದು ಹೋಗ್ತಾನ. ಮೊದ್ಲು ಮದ್ಲಿ ಒಯ್ಯಲಿ. ಕಲಿಸೋದು ಮುಂದಿನ ವರ್ಷ ಕಲಿಸೀಯಂತ."

"ಪಂಪಾವತಿಗೆ ಒಂದು, ಮಾಸ್ತರಿಗೆ ಒಂದು ಮಾಡಂಗಿಲ್ಲ," ಎನ್ನುತ್ತಾರೆ ಸುನಂದಾ. ಬಾರಿನ ಕೊನೆಯ ನಾಲ್ಕು ಕಣ್ಣು ಸಡಿಲವಾಗಿಯೇ ಉಳಿದಿವೆ.

ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಓಣಿಯ ತುದಿಯಲ್ಲಿ ಬೈಕು ನಿಲ್ಲುತ್ತದೆ. ಅರವತ್ತಮೂರರ ದೊಡ್ಡಬಸವರಾಜ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಒಳಗೆ ಬರುವುದಿಲ್ಲ, ಕಟ್ಟೆಯ ತುದಿಯಲ್ಲಿ ಕೂರುತ್ತಾರೆ. ಎರ್ರಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಬರ್ರಿ ಮಾಸ್ತರ, ಚಾ ಕುಡೀತೀರೇನು? ನೋಡ್ರಿ ಮತ್ತ, ನಮ್ಮನ್ಯಾಗ ಅದನ್ನೂ ಹೆಣ್ಮಕ್ಳ ಮಾಡ್ತಾರ."

ಮಾಸ್ತರಿಗೆ ನಗು ತಡೆಯಲಾಗುವುದಿಲ್ಲ. "ಕೊಡಬೇ, ಕುಡೀತೀನಿ," ಎನ್ನುತ್ತಾರೆ.

ಚಹಾ ಮುಗಿಯುತ್ತದೆ. ಮದ್ದಳೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಬಲಗೈಯಿಂದ ಒಂದು ಪೆಟ್ಟು. ಕಂಚಿನ ಪಾತ್ರೆಗೆ ಬೆರಳು ತಾಗಿಸಿದ ಹಾಗೆ ದನಿ ಎದ್ದು, ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಮಾಸ್ತರ ಮುಖದಲ್ಲಿ ಏನೂ ತೋರಗೊಡುವುದಿಲ್ಲ. ಮದ್ದಳೆಯನ್ನು ಸ್ವಲ್ಪ ತಿರುಗಿಸಿ ಅಂಚಿನ ಸುತ್ತ ಒಂದೊಂದೇ ಕಡೆ ಹೊಡೆಯುತ್ತ ಬರುತ್ತಾರೆ. ಒಂದು ಜಾಗದಲ್ಲಿ ಕೈ ನಿಲ್ಲುತ್ತದೆ.

"ಇಲ್ಲಿ ಇಳದೈತಿ."

"ಹೌದ್ರಿ," ಎನ್ನುತ್ತಾರೆ ಸುನಂದಾ. ಮಾಸ್ತರರ ಜತೆ ಅವರು ನೇರವಾಗಿ ಆಡಿದ ಮೊದಲ ಮಾತು ಇದು. "ಅದನ್ನ ನಿಮಗ ಬಿಟ್ಟೀನಿ. ಕೊನೀ ನಾಕು ಕಣ್ಣು ಒಡೇರ ಎಳೀಬೇಕು. ನನ್ನ ಹತ್ರ ಎಲ್ಲಾರಿಗೂ ಹಂಗ."

ಗಾದಿಲಿಂಗಪ್ಪ ಆಕಾಶ ನೋಡುತ್ತಾರೆ. ಮಾಸ್ತರ ಸುನಂದಾರನ್ನು ನೋಡುತ್ತಾರೆ, ಮದ್ದಳೆಯನ್ನು ನೋಡುತ್ತಾರೆ. ಎದ್ದು ಹೋಗಬಹುದಿತ್ತು. ಆದರೆ ಅರವತ್ತು ಪದರ ಸುಟ್ಟುಕೊಂಡ ನೆನಪು ಇನ್ನೂ ಹಸಿಯಾಗಿದೆ, ಕಿವಿಯಲ್ಲಿ ಆ ಮೊದಲ ಪೆಟ್ಟಿನ ದನಿಯೂ ಇದೆ. ಟವೆಲ್ಲನ್ನು ಕಟ್ಟೆಯ ಮೇಲಿಟ್ಟು ಅಂಗಳಕ್ಕೆ ಇಳಿದು ಗೋಣಿತಟ್ಟಿನ ಮೇಲೆ ಕೂರುತ್ತಾರೆ.

ಬಾರು ಹಿಡಿದು ಕೈಯಿಂದ ಎಳೆಯುತ್ತಾರೆ. ಮದ್ದಳೆಯೇ ಉರುಳಿ ಮೈಮೇಲೆ ಬರುತ್ತದೆ. ಮೊಣಕಾಲಿನಿಂದ ತಡೆದು ಎಳೆಯುತ್ತಾರೆ, ಜಾರುತ್ತದೆ. ಮೂರನೆಯ ಸಲಕ್ಕೆ ಹಣೆಯಲ್ಲಿ ಬೆವರು, ಅಂಗೈಯಲ್ಲಿ ಕೆಂಪು ಗೆರೆ. ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕುತ್ತಿದ್ದಾರೆ.

"ಕಾಲು ಕೊಡ್ರಿ ಮಾಸ್ತರ." ಸುನಂದಾ ಮೆಲ್ಲಗೆ ಹೇಳುತ್ತಾರೆ. "ಅದಕ ನೋವಾಗಂಗಿಲ್ಲ. ಕಾಲು ಕೊಡದಿದ್ರ ಅದಕ್ಕೂ ನಿಂದ್ರಾಕ ಆಸರ ಇರಂಗಿಲ್ಲ."

ಮಾಸ್ತರ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. ಆಮೇಲೆ ಎರಡೂ ಕೈಯಿಂದ ಮದ್ದಳೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒಂದು ಪಾದ ಇಡುತ್ತಾರೆ. ಇನ್ನೊಂದು ಪಾದ. ಬಾರು ಹಿಡಿದು ಹಿಂದಕ್ಕೆ ಬೀಳುತ್ತಾರೆ. ತೊಗಲು ಕಿರ್ ಎನ್ನುತ್ತದೆ.

"ಹ್ಞಾಂ, ಬಂತು. ಬಿಡಬ್ಯಾಡ್ರಿ, ಹಂಗ ಹಿಡೀರಿ!" ಸುನಂದಾ ಮಂಡಿಯೂರಿ ಗಟ್ಟೆಯನ್ನು ಬಾರಿನ ಕೆಳಗೆ ಸರಿಸುತ್ತಾರೆ. "ಈಗ ಮುಂದಿಂದು. ಕುಂಡಿ ಎಬ್ಬಿಸಬ್ಯಾಡ್ರಿ, ಬೆನ್ನಿಲೇ ಎಳೀರಿ."

ನಾಲ್ಕನೆಯ ಕಣ್ಣು ಮುಗಿಯುವಾಗ ಮಾಸ್ತರರ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಕಾಲು ತೆಗೆದು, ಮದ್ದಳೆಯನ್ನು ಮತ್ತೆ ತೊಡೆಗೆ ಎತ್ತಿಕೊಂಡು, ಅಂಚಿನ ಸುತ್ತ ಹೊಡೆಯುತ್ತಾರೆ. ಎಲ್ಲ ಕಡೆ ಒಂದೇ ದನಿ. ಇನ್ನೊಂದು ಸುತ್ತು ಹೊಡೆಯುತ್ತಾರೆ, ಈ ಸಲ ಪರೀಕ್ಷೆಗಲ್ಲ. ಕೈ ತಾನಾಗಿ ನಡೆಗೆ ಬೀಳುತ್ತದೆ, ಆಟದಲ್ಲಿ ರಾಜ ಕುಣಿಯುತ್ತ ಬರುವಾಗ ಬಾರಿಸುವ ನಡೆ. ಗೋಡೆಯ ಮೇಲಿನ ಹೆಂಗಸರಲ್ಲಿ ಒಬ್ಬಾಕೆ ತಲೆದೂಗುತ್ತಾಳೆ. ಎರ್ರಮ್ಮ ಹೊಸ್ತಿಲ ಮೇಲೆ ಕೂತುಬಿಡುತ್ತಾರೆ. "ಈಗ ಗೊಗ್ಗರು ಹೋತು," ಎನ್ನುತ್ತಾರೆ, ಯಾರೂ ಕೇಳದಿದ್ದರೂ.

"ನಲವತ್ತು ವರ್ಷ ಬಾರಿಸೀನಿ," ಮಾಸ್ತರ ಅಂಗೈಯ ಕೆಂಪು ಗೆರೆ ನೋಡಿಕೊಳ್ಳುತ್ತ ಹೇಳುತ್ತಾರೆ. "ಇದರಾಗ ಇಷ್ಟು ಜಗ್ಗಾಟ ಐತಿ ಅಂತ ಗೊತ್ತಿರಲಿಲ್ಲ."

ಕ್ಷಮೆ ಗಿಮೆ ಏನೂ ಕೇಳುವುದಿಲ್ಲ. ಅಂಥ ಮಾತು ಅವರಿಗೆ ಬರುವುದೂ ಇಲ್ಲವೇನೋ. ಮದ್ದಳೆಯನ್ನು ಬಟ್ಟೆಯಲ್ಲಿ ಸುತ್ತುತ್ತಿರುವಾಗ ಗಾದಿಲಿಂಗಪ್ಪ ಕೇಳಿಯೇಬಿಡುತ್ತಾರೆ: "ಮತ್ತ ಊರ ಕಟ್ಟಿ ಮ್ಯಾಲ ಏನ್ ಹೇಳ್ತೀರಿ ಮಾಸ್ತರ?"

ಮಾಸ್ತರ ಗಂಟು ಬಿಗಿಯುತ್ತಾರೆ. "ಆಕಿ ಒಬ್ಬಾಕಿ ಅಲ್ಲ, ನಾನೂ ಕಾಲು ಕೊಟ್ಟೀನಿ ಅಂತೀನಿ. ನನಗೇನಂತಾರೋ ಅದನ್ನ ಆಕಿಗೂ ಅನ್ನಲಿ." ಬೈಕಿನ ತನಕ ಹೋಗಿ ತಿರುಗಿ ನೋಡುತ್ತಾರೆ. "ಶನಿವಾರ ಬರ್ರಿ ಸುನಂದಮ್ಮಾ. ಪೂಜಿ ಹೊತ್ತಿಗೇ ಬರ್ರಿ."

ಬೈಕು ಹೋದ ಮೇಲೆ ಸುನಂದಾ ಗೋಣಿತಟ್ಟು ಕೊಡವುತ್ತಾರೆ, ಚೆಲ್ಲಿದ ಕಿಟ್ಟದ ಪುಡಿಯನ್ನು ಕಾಗದಕ್ಕೆ ಬಳಿದುಕೊಳ್ಳುತ್ತಾರೆ. ಒಳಗೆ ಇನ್ನೂ ಮೂರು ಡೋಲಕ್ಕು ಕಾಯುತ್ತಿವೆ. ಬಾದನಹಟ್ಟಿಯ ಆಟ ಅವರಿಗೆ ಹೊಸದೇನಲ್ಲ. ಎಂಟು ವರ್ಷವೂ ಹೋಗಿದ್ದಾರೆ, ಹಿಂದುಗಡೆ ಹೆಂಗಸರ ನಡುವೆ ಚಾಪೆ ಹಾಸಿಕೊಂಡು ಕೂತು ನೋಡಿದ್ದಾರೆ.

"ಮದ್ಲಿ ಪೆಟ್ಟು ಏರಿದಾಗ ಬಾಜೂ ಕುಂತಾಕಿ ಅಂತಿದ್ಲು, ಏನು ಮಾತಾಡ್ತತಿ ನೋಡವಾ ಮದ್ಲಿ, ಅಂತ. ನನಗ ಬಾಯಿ ತನಕ ಬರ್ತಿತ್ತು. ನುಂಗ್ತಿದ್ದೆ. ಎಂಟು ವರ್ಷ ನುಂಗೀನಿ," ಎಂದು ಸುನಂದಾ ಒಂದು ಡೋಲಕ್ಕನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. "ಪೂಜಿಗೆ ಕರದ್ರು, ಛಲೋ ಆತು. ಆದ್ರ ನಾ ಮುಂದ ಕುಂದ್ರಂಗಿಲ್ರಿ, ಹಿಂದ ಹೆಂಗಸ್ರ ಹತ್ರನ ಕುಂದ್ರಾಕಿ. ಬಾಜೂ ಯಾರರ ಇರ್ಲಿ, ಮೊಣಕೈಲೇ ಒಮ್ಮಿ ತಿವಿದು, ಕೇಳವಾ, ಅದು ನಾ ಕಟ್ಟಿದ್ದು ಅಂತ ಹೇಳೋದೈತಿ. ಆಕಿ ನಂಬ್ಲಿಲ್ಲಂದ್ರೂ ನಡೀತತಿ. ಹೇಳಿದ್ರ ಸಾಕು."